ಕೀಲಿನಲ್ಲಿ ಕೂತ ಕೀಲಿ

ಬೆಳಗಿನ ಏಳು ಗಂಟೆಗೆ ಉದ್ಯಮಬಾಗದ ಒಂದು ಫೌಂಡ್ರಿಯಿಂದ ಫೋನ್ ಬಂತು. ಫರ್ನೇಸಿನಲ್ಲಿ ಕಬ್ಬಿಣ ಕರಗಿ ನಿಂತಿದೆ, ಲ್ಯಾಬಿನ ಕಂಪ್ಯೂಟರ್ ಏಳುತ್ತಿಲ್ಲ, ಇದ್ದಂತೆಯೇ ಹೊರಟು ಬನ್ನಿ ಎಂದರು. ಬೆಳಗಾವಿಯ ಸಣ್ಣ ಕಾರ್ಖಾನೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಚಹಾ ಅರ್ಧಕ್ಕೇ ಬಿಟ್ಟು ಹೋದೆ.

ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವ ಮುನ್ನ ಅದರಲ್ಲಿ ಇಂಗಾಲ ಎಷ್ಟಿದೆ, ಸಿಲಿಕಾನ್ ಎಷ್ಟಿದೆ, ಗಂಧಕ ಮಿತಿಯೊಳಗಿದೆಯೇ ಎಂದು ನೋಡಬೇಕು. ಸೌಟಿನಲ್ಲಿ ಸ್ವಲ್ಪ ಲೋಹ ತೆಗೆದು ಬಿಲ್ಲೆ ಹೊಯ್ದು, ಒಂದು ಮುಖ ಉಜ್ಜಿ, ಸ್ಪೆಕ್ಟ್ರೋಮೀಟರ್ ಮೇಲೆ ಇಡುತ್ತಾರೆ. ಆರ್ಗಾನ್ ಅನಿಲದ ನಡುವೆ ಚಟಚಟನೆ ಕಿಡಿ ಹಾರುತ್ತದೆ. ಆ ಕಿಡಿಯ ಬೆಳಕನ್ನು ಬಿಡಿಸಿ ನೋಡಿದ ಯಂತ್ರ ಯಾವ ಧಾತು ಶೇಕಡಾ ಎಷ್ಟು ಎಂದು ಕಂಪ್ಯೂಟರ್ ಪರದೆಯ ಮೇಲೆ ಬರೆಯುತ್ತದೆ. ಪರದೆ ಕಪ್ಪಗೆ ಕೂತರೆ ಲೋಹ ಸುರಿಯುವಂತಿಲ್ಲ. ಸುರಿಯದಿದ್ದರೆ 1,400 ಡಿಗ್ರಿ ದಾಟಿದ ಆ ಲೋಹವನ್ನು ಹಾಗೇ ಹಿಡಿದಿಡಲು ಕರೆಂಟು ಸುಡುತ್ತಲೇ ಇರಬೇಕು. ಫರ್ನೇಸ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಕಾರ್ಖಾನೆಗೆಲ್ಲ ಅವರು ಕಾಕಾ. ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದರು: "ತಮ್ಮಾ, ಅಂಗಡಿಯಿಂದ ಹೊಸ ಕಂಪ್ಯೂಟರ್ ತಂದು ಹಚ್ಚಿದರೆ ಆಗುವುದಿಲ್ಲವೇ? ಮೂವತ್ತು ಸಾವಿರಕ್ಕೆ ಸಿಗುತ್ತದಲ್ಲ?"

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಕಾಕಾಗೆ ಅವತ್ತು ಸರಿಯಾಗಿ ಹೇಳಲು ಪುರುಸೊತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಆ ಡಬ್ಬಿಯನ್ನು ಬಿಚ್ಚಿದರೆ ಒಂದರ ಮೇಲೊಂದು ನಾಲ್ಕು ಗಂಟು. ಸ್ಪೆಕ್ಟ್ರೋಮೀಟರಿನಿಂದ ಬರುವ ದಪ್ಪ ಕೇಬಲ್ ಒಂದು ಕಾರ್ಡಿಗೆ ಸೇರುತ್ತದೆ. ಆ ಕಾರ್ಡ್ ಕೂರುವ ಹಳೆಯ ಪಿಸಿಐ ಸ್ಲಾಟ್ ಈಗಿನ ಮದರ್‌ಬೋರ್ಡುಗಳಲ್ಲಿ ಕಾಣಸಿಗುವುದೇ ಅಪರೂಪ. ಕಾರ್ಡನ್ನು ಮಾತನಾಡಿಸುವ ಡ್ರೈವರ್ ವಿಂಡೋಸ್ ಎಕ್ಸ್‌ಪಿಗೆಂದು ಬರೆದದ್ದು, 32 ಬಿಟ್‌ನದು. ಇಂದಿನ 64 ಬಿಟ್ ವಿಂಡೋಸ್ ಅದನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ತಂತ್ರಾಂಶ ಚಾಲೂ ಆಗಬೇಕಾದರೆ ಹಿಂಬದಿಯ ಪ್ಯಾರಲಲ್ ಪೋರ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್, ಅಂದರೆ ಇವನು ಅಸಲಿ ಗಿರಾಕಿ ಎಂದು ಸಾಕ್ಷಿ ಹೇಳುವ ತುಂಡು, ಸಿಕ್ಕಿಸಿರಬೇಕು. ಈಗಿನ ಕಂಪ್ಯೂಟರಿಗೆ ಆ ಪೋರ್ಟೇ ಇಲ್ಲ. ಕೊನೆಯ ಗಂಟು ಎಲ್ಲಕ್ಕಿಂತ ಬಿಗಿ. ಇಷ್ಟು ವರ್ಷ ಕೂಡಿಟ್ಟ ಕ್ಯಾಲಿಬ್ರೇಶನ್ ಅಂದರೆ ಯಂತ್ರದ ಅಳತೆ ಸರಿಹೊಂದಿಸಿದ ಲೆಕ್ಕ, ಗ್ರೇಡುಗಳ ಪಟ್ಟಿ, ಗಿರಾಕಿಗಳಿಗೆ ಕೊಟ್ಟ ಟೆಸ್ಟ್ ಸರ್ಟಿಫಿಕೇಟುಗಳ ದಾಖಲೆ, ಎಲ್ಲವೂ ಆ ತಂತ್ರಾಂಶವೊಂದೇ ಓದಬಲ್ಲ ಫೈಲಿನೊಳಗಿವೆ.

ಯಂತ್ರ ಮಾರಿದವರಿಗೆ ಫೋನ್ ಮಾಡಿದರೆ, ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದೆ, ಹೊಸ ತಂತ್ರಾಂಶ ಕೊಡುತ್ತೇವೆ, ಆದರೆ ಅದು ಹೊಸ ಎಲೆಕ್ಟ್ರಾನಿಕ್ಸ್ ಜೊತೆಗೆ ಮಾತ್ರ ನಡೆಯುತ್ತದೆ ಎಂದರು. ಹೇಳಿದ ಬೆಲೆ ಹೊಸ ಯಂತ್ರದ ಅರ್ಧ ಬೆಲೆಯ ಹತ್ತಿರ. ಸ್ಪೆಕ್ಟ್ರೋಮೀಟರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಹಿಂದಿನ ಸಂಜೆಯವರೆಗೂ ಸರಿಯಾದ ಲೆಕ್ಕ ಕೊಟ್ಟಿತ್ತು.

ಇಂಥ ಸಿಕ್ಕಿಗೆ ಕಂಪ್ಯೂಟರ್ ಲೋಕದಲ್ಲಿ ವೆಂಡರ್ ಲಾಕ್-ಇನ್, ಅಂದರೆ ಮಾರಿದವನ ಕೈಯಲ್ಲೇ ಬಂದಿಯಾಗುವುದು, ಎನ್ನುತ್ತಾರೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆರೆಯುವುದಕ್ಕೆ ಕೀಲಿಕೈ. ಎರಡು ಭಾಗ ಕೂಡುವ ಜಾಗಕ್ಕೆ ಕೀಲು ಎಂಬ ಮಾತಿದೆ. ಕೀಲು, ಕೀಲಿ ಇಷ್ಟು ಹತ್ತಿರದ ಪದಗಳಾಗಿರುವುದು ನನಗೆ ಅನುಕೂಲವಾಯಿತು, ಏಕೆಂದರೆ ಹೇಳಬೇಕಾದದ್ದೂ ಅದೇ. ಕಾರ್ಡು ಮದರ್‌ಬೋರ್ಡಿಗೆ ಸೇರುವಲ್ಲಿ ಒಂದು ಕೀಲು, ಡ್ರೈವರ್ ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮಿಗೆ ಸೇರುವಲ್ಲಿ ಇನ್ನೊಂದು, ತಂತ್ರಾಂಶ ತನ್ನ ಫೈಲಿಗೆ ಸೇರುವಲ್ಲಿ ಮತ್ತೊಂದು. ಗಿರಾಕಿಯನ್ನು ಕಟ್ಟಿಹಾಕುವ ಕೀಲಿ ಯಂತ್ರದ ಹೊಟ್ಟೆಯಲ್ಲಿ ಇರುವುದಿಲ್ಲ, ಈ ಕೀಲುಗಳಲ್ಲಿ ಇರುತ್ತದೆ. ಕೀಲಿನ ಅಳತೆ ಯಾರಿಗೆ ಮಾತ್ರ ಗೊತ್ತೋ, ಯಾರು ಅದನ್ನು ಬೇಕಾದಾಗ ಬದಲಿಸಬಲ್ಲರೋ, ಕೀಲಿಕೈ ಅವರ ಜೇಬಿನಲ್ಲಿ.

ಕೀಲಿನ ಅಳತೆ ಅಂದರೆ ಏನೆಂದು ವಿಜಯಪುರ, ಬಾಗಲಕೋಟೆಯ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ಗದಗದಿಂದ ಈ ಎರಡೂ ಊರುಗಳನ್ನು ಹಾಯ್ದು ಸೊಲ್ಲಾಪುರದ ಹತ್ತಿರದ ಹೊಟಗಿಗೆ ಹೋಗುವ ರೈಲು ದಾರಿಯನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜಿನಲ್ಲಿ. ಎರಡು ಹಳಿಗಳ ನಡುವೆ 1,000 ಮಿಲಿಮೀಟರ್. ಅತ್ತ ಸೊಲ್ಲಾಪುರದಿಂದ ಮುಂಬಯಿಗೆ ಹೋಗುವ ಹಳಿ ಬ್ರಾಡ್‌ಗೇಜ್, 1,676 ಮಿಲಿಮೀಟರ್. ಬೋಗಿ ಚೆನ್ನಾಗಿತ್ತು, ಎಂಜಿನ್ನೂ ಚೆನ್ನಾಗಿತ್ತು. ಆದರೂ ಈ ಹಳಿಯ ಗಾಡಿ ಆ ಹಳಿಯ ಮೇಲೆ ಓಡುವಂತಿರಲಿಲ್ಲ. ಮೂಟೆ ಇಳಿಸಬೇಕು, ಹಮಾಲರ ಬೆನ್ನಿಗೆ ಹೊರಿಸಬೇಕು, ಮತ್ತೊಂದು ಗಾಡಿಗೆ ಏರಿಸಬೇಕು. ಆರುನೂರ ಎಪ್ಪತ್ತಾರು ಮಿಲಿಮೀಟರಿನ ಆ ಅಂತರ ನೂರಕ್ಕೂ ಹೆಚ್ಚು ವರ್ಷ ಈ ಭಾಗದ ಸರಕಿನ ಮೇಲೆ ಸುಂಕ ಎತ್ತಿತು. ರೈಲ್ವೆಯದರಲ್ಲಿ ಯಾರ ಕುತಂತ್ರವೂ ಇರಲಿಲ್ಲ, ಅಗ್ಗದ ಹಳಿ ಹಾಕಿದ್ದರು ಅಷ್ಟೇ. ಕಂಪ್ಯೂಟರ್ ಕಂಪನಿಗಳು ಬೇಕೆಂದೇ ತಂತಮ್ಮ ಗೇಜು ಹಾಕುತ್ತವೆ.

"ಕಂಪನಿಗಳು ಒಂದಲ್ಲ ಹತ್ತಿವೆ, ಪೈಪೋಟಿ ಇದೆ, ಹಾಗಿದ್ದಮೇಲೆ ಇದೆಲ್ಲ ಹೇಗೆ ನಡೆಯುತ್ತದೆ" ಎಂದು ಕೇಳುವವರಿದ್ದಾರೆ. ಪೈಪೋಟಿ ಇದೆ, ಆದರೆ ಅದು ಬಾಗಿಲ ಹೊರಗೆ. ಘಟಪ್ರಭೆಯ ದಂಡೆಯ ಕಬ್ಬಿನ ರೈತನನ್ನು ನೋಡಿ. ನೆಡುವ ಮುಂಚೆ ಮೂರು ನಾಲ್ಕು ಕಾರ್ಖಾನೆಗಳವರು ಮನೆ ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಒಂದು ಕಾರ್ಖಾನೆಯ ಬೀಜ ತಂದು, ಗೊಬ್ಬರಕ್ಕೆ ಮುಂಗಡ ಹಿಡಿದು, ಹೊಲ ನೋಂದಾಯಿಸಿದ ಮೇಲೆ ಕಟ್ಟೆ ಖಾಲಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಕಾರ್ಖಾನೆಗೆ ಇಂತಿಷ್ಟು ಪ್ರದೇಶ ಕಾದಿರಿಸುವ ಅವಕಾಶವೂ ಇದೆ. ಅದೆಲ್ಲಕ್ಕಿಂತ ದೊಡ್ಡದು ಕಬ್ಬಿನ ಗುಣ: ಕಡಿದ ಕಬ್ಬು ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಟ್ರ್ಯಾಕ್ಟರ್ ಕಾರ್ಖಾನೆಯ ಗೇಟಿನ ಸಾಲಿನಲ್ಲಿ ನಿಂತಿರುವಾಗ ಬೆಲೆಯ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡುವವರು ಕಡಿಮೆ. ಮಹಾಲಿಂಗಪುರದ ಸುತ್ತಮುತ್ತ, ಬೆಲ್ಲದ ಗಾಣ ನಡೆಯುವ ಊರುಗಳಲ್ಲಿ ಮಾತ್ರ ಮಾತಿನ ಧಾಟಿ ಬೇರೆ. ರೈತ ಗಾಣಕ್ಕೆ ಹೋಗದೆಯೂ ಇರಬಹುದು. ಹೋಗಬಲ್ಲ ಎಂಬುದು ಕಾರ್ಖಾನೆಯವರಿಗೆ ಗೊತ್ತಿದ್ದರೆ ಸಾಕು.

ಇದನ್ನೇ ಲೆಕ್ಕದಲ್ಲಿ ಹೇಳುವುದಾದರೆ: ಈಗಿರುವ ಕಂಪನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ನಿಮಗೆ ಒಟ್ಟು ಎಂಟು ಲಕ್ಷ ಬೀಳುತ್ತದೆ ಎಂದುಕೊಳ್ಳಿ. ಹೊಸ ಯಂತ್ರದ ಬೆಲೆಯಷ್ಟೇ ಅಲ್ಲ, ಹಳೆಯ ಫೈಲು ಬದಲಿಸುವುದು, ಹುಡುಗರಿಗೆ ಮತ್ತೆ ಕಲಿಸುವುದು, ಕಲಿಯುವಾಗ ಆಗುವ ತಪ್ಪು, ಕೆಲಸ ನಿಂತ ದಿನಗಳು ಎಲ್ಲ ಸೇರಿ. ಹಾಗಾದರೆ ಈಗಿರುವವನು ಬೆಲೆಯನ್ನು ಏಳೂವರೆ ಲಕ್ಷದಷ್ಟು ಏರಿಸಿದರೂ ನೀವು ಬೈದುಕೊಂಡು ಕೊಡುತ್ತೀರಿ. ಕೊಡುವುದೇ ಅಗ್ಗ. ಅರ್ಥಶಾಸ್ತ್ರದಲ್ಲಿ ಇದನ್ನು ಬದಲಾವಣೆಯ ವೆಚ್ಚ ಎನ್ನುತ್ತಾರೆ. ಕೊಳ್ಳುವ ದಿನ ಇದು ಸೊನ್ನೆ. ಅಂದಿನಿಂದ ನೀವು ಉಳಿಸಿದ ಪ್ರತಿ ಫೈಲು, ಕಲಿತ ಪ್ರತಿ ಕೀಲಿಮಣೆ ಚಳಕ ಅದನ್ನು ಒಂದೊಂದೇ ಇಟ್ಟಿಗೆಯಂತೆ ಏರಿಸುತ್ತದೆ. ಆ ಗೋಡೆ ಕಟ್ಟುವುದು ನಾವೇ, ನಮ್ಮದೇ ದುಡಿಮೆಯಿಂದ. ಕಂಪನಿಗಳು ಮೊದಲ ಯಂತ್ರವನ್ನು ನಷ್ಟಕ್ಕೂ ಮಾರಲು ಮುಂದಾಗುವುದು ಈ ಗೋಡೆಯ ಭರವಸೆಯಿಂದ. ಅಗ್ಗದ ಪ್ರಿಂಟರ್ ಕೊಂಡು ಮೂರನೇ ಕಾರ್ಟ್ರಿಜ್ ಹೊತ್ತಿಗೆ ಪ್ರಿಂಟರಿನ ಬೆಲೆ ದಾಟಿದವರಿಗೆ ಇದು ಹೊಸದಲ್ಲ.

ಈ ವಿದ್ಯೆಯ ಪಾಠಶಾಲೆ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ. 1964ಕ್ಕೆ ಮುಂಚೆ ಆ ಕಂಪನಿಯ ಒಂದು ಮಾದರಿಗೆ ಬರೆದ ಪ್ರೋಗ್ರಾಂ ಅದೇ ಕಂಪನಿಯ ಇನ್ನೊಂದು ಮಾದರಿಯ ಮೇಲೆ ಸಾಮಾನ್ಯವಾಗಿ ನಡೆಯುತ್ತಿರಲಿಲ್ಲ. ಗಿರಾಕಿ ದೊಡ್ಡ ಯಂತ್ರಕ್ಕೆ ಹೋಗಬೇಕಾದರೆ ಎಲ್ಲ ಹೊಸದಾಗಿ ಬರೆಸಬೇಕು. ಹೇಗೂ ಬರೆಸುವುದಾದರೆ ಬೇರೆ ಕಂಪನಿಯದನ್ನೇ ಏಕೆ ನೋಡಬಾರದು? 1963ರ ಕೊನೆಗೆ ಹನಿವೆಲ್ ಇದೇ ಜಾಗಕ್ಕೆ ಕೈ ಹಾಕಿತು. ತನ್ನ ಹನಿವೆಲ್ 200 ಯಂತ್ರದ ಜೊತೆಗೆ ಐಬಿಎಂ 1401ರ ಪ್ರೋಗ್ರಾಂಗಳನ್ನು ಬದಲಿಸಿಕೊಡುವ ಒಂದು ತಂತ್ರಾಂಶ ಕೊಟ್ಟಿತು. ಅದರ ಹೆಸರು ಲಿಬರೇಟರ್, ಅಂದರೆ ವಿಮೋಚಕ. ಹೆಸರಿಟ್ಟವನಿಗೆ ವ್ಯಾಪಾರ ಗೊತ್ತಿತ್ತು. ಕೆಲವೇ ತಿಂಗಳಲ್ಲಿ, 1964ರ ಏಪ್ರಿಲ್ 7ರಂದು, ಐಬಿಎಂ ಸಿಸ್ಟಮ್/360 ಘೋಷಿಸಿತು: ಸಣ್ಣದರಿಂದ ದೊಡ್ಡದರವರೆಗೆ ಇಡೀ ಕುಟುಂಬಕ್ಕೆ ಒಂದೇ ಆದೇಶಗಳ ಭಾಷೆ. ಸಣ್ಣದಕ್ಕೆ ಬರೆದದ್ದು ದೊಡ್ಡದರಲ್ಲೂ ನಡೆಯುತ್ತದೆ. ಗಿರಾಕಿಗೆ ಅದು ನಿಜಕ್ಕೂ ವರದಾನ. ಅಂದು ಬರೆದ ಎಷ್ಟೋ ಪ್ರೋಗ್ರಾಂಗಳು ಇಂದಿನ ಐಬಿಎಂ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರಗಳಲ್ಲೂ ಓಡುತ್ತವೆ. ಅದೇ ಹೊತ್ತಿಗೆ ಅದು ಬೇಲಿಯೂ ಹೌದು. ಒಳಗೆ ಎಷ್ಟು ಬೇಕಾದರೂ ಓಡಾಡಿ, ಹೊರಗೆ ಕಾಲಿಟ್ಟರೆ ಎಲ್ಲ ಮೊದಲಿನಿಂದ.

360ರ ಮುಖ್ಯ ವಿನ್ಯಾಸಕಾರ ಜೀನ್ ಅಮ್ಡಾಲ್ 1970ರಲ್ಲಿ ಐಬಿಎಂ ಬಿಟ್ಟು ತನ್ನದೇ ಕಂಪನಿ ತೆರೆದ. ಐಬಿಎಂನ ಆಪರೇಟಿಂಗ್ ಸಿಸ್ಟಮ್ ಇದ್ದಂತೆಯೇ ನಡೆಯುವ ಯಂತ್ರ ಅವನದು. 1975ರಲ್ಲಿ ಮೊದಲನೆಯದು ನಾಸಾಕ್ಕೆ ಹೋಯಿತು. ಒಳಗಿನ ಕೀಲುಗಳನ್ನೆಲ್ಲ ಬಲ್ಲವನೇ ಹೊರಗೆ ಬಂದು ಕೀಲಿಕೈ ಕಡೆದ. ಈ ಕುರಿತು ಉದ್ಯಮದಲ್ಲಿ ಒಂದು ಕಥೆ ಓಡಾಡುತ್ತದೆ, ನಿಜವೋ ಕಟ್ಟಿದ್ದೋ ಅಂತೂ ಸೊಗಸಾಗಿದೆ. ಐಬಿಎಂ ಮಾರಾಟಗಾರ ಬರುವ ದಿನ ಮೇಜಿನ ಮೇಲೆ ಅಮ್ಡಾಲ್ ಹೆಸರಿನ ಕಾಫಿ ಕಪ್ಪು ಕಾಣುವಂತೆ ಇಟ್ಟರೆ ಸಾಕಂತೆ, ಲಕ್ಷಾಂತರ ಡಾಲರ್ ರಿಯಾಯಿತಿ ತಾನಾಗಿ ಬರುತ್ತಿತ್ತಂತೆ. ಮಹಾಲಿಂಗಪುರದ ಗಾಣ ಮಾಡುವ ಕೆಲಸವನ್ನು ಅಲ್ಲಿ ಒಂದು ಖಾಲಿ ಕಪ್ಪು ಮಾಡಿತು.

ನಮ್ಮ ದೇಶದ ಪಾಡು ಇದರಿಂದ ಹೊರತಾಗಿರಲಿಲ್ಲ. ಹೊರಗೆ ಹಳತಾದ 1401ಗಳನ್ನು ಐಬಿಎಂ ಇಲ್ಲಿ ರಿಪೇರಿ ಮಾಡಿ ಬಾಡಿಗೆಗೆ ಕೊಡುತ್ತಿತ್ತು. 1973ರ ಫೆರಾ ಎಂಬ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಂತೆ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಲು ಒಪ್ಪದೆ 1978ರಲ್ಲಿ ಅದು ಭಾರತ ಬಿಟ್ಟಾಗ, ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆ ಸಿಎಂಸಿಯ ಹೆಗಲಿಗೆ ಬಿತ್ತು. ಅಲ್ಲಿಯ ಎಂಜಿನಿಯರುಗಳು ಯಾವುದೋ ಒಂದೇ ಕಂಪನಿಯ ಯಂತ್ರ ಕಲಿಯುವಂತಿರಲಿಲ್ಲ, ಹಲವು ಕಂಪನಿಗಳ ಯಂತ್ರಗಳ ಹೊಟ್ಟೆ ಬಿಚ್ಚಿ ನೋಡಬೇಕಾಯಿತು. ನನ್ನಂಥ ಸಣ್ಣ ರಿಪೇರಿಯವನಿಗೆ ಅವರು ದೂರದ ಹಿರಿಯರು.

ಮುಂದಿನ ಅಂಕದಲ್ಲಿ ಐಬಿಎಂ ಎಡವಿತು. 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯನ್ನು ಅವಸರದಲ್ಲಿ ಕಟ್ಟಿದ್ದರು. ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನದು, ಉಳಿದದ್ದು ಬಹುಪಾಲು ಸಂತೆಯಲ್ಲಿ ಸಿಗುವ ಸಾಮಾನು. ತನ್ನದೆಂದು ಇದ್ದ ಒಂದೇ ಕೀಲು ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸಿ ಆಪರೇಟಿಂಗ್ ಸಿಸ್ಟಮಿಗೆ ಕೈಗೊಡುವ ಪುಟ್ಟ ಪ್ರೋಗ್ರಾಂ. ಅದಕ್ಕೆ ಹಕ್ಕುಸ್ವಾಮ್ಯವಿತ್ತು, ನಕಲು ಮಾಡುವಂತಿರಲಿಲ್ಲ. ಕಾಂಪ್ಯಾಕ್ ಒಂದು ಉಪಾಯ ಮಾಡಿತು. ಒಂದು ಗುಂಪು ಬಯಾಸ್ ಏನೇನು ಮಾಡುತ್ತದೆ ಎಂದು ಓದಿ ಪಟ್ಟಿ ಬರೆಯಿತು. ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ಗುಂಪು ಆ ಪಟ್ಟಿಯೊಂದನ್ನೇ ಇಟ್ಟುಕೊಂಡು ಹೊಸ ಬಯಾಸ್ ಬರೆಯಿತು. ನಕಲಾಗಲಿಲ್ಲ, ಆದರೆ ಕೀಲಿಗೆ ಕೂಡಿತು. 1982ರ ನವೆಂಬರ್‌ನಲ್ಲಿ ಕಾಂಪ್ಯಾಕ್ ತನ್ನ ಯಂತ್ರ ಘೋಷಿಸಿತು. 1984ರಿಂದ ಫೀನಿಕ್ಸ್ ಇಂಥದೇ ಬಯಾಸನ್ನು ಕೇಳಿದವರಿಗೆಲ್ಲ ಮಾರತೊಡಗಿತು. ಬೆಳಗಾವಿಯ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಕಟ್ಟಿಕೊಡುವ ನನ್ನ ಕಸುಬು ಹುಟ್ಟಿದ್ದು ಆ ಪಟ್ಟಿಯ ಹಾಳೆಗಳಿಂದ. ಐಬಿಎಂ 1987ರಲ್ಲಿ ಪಿಎಸ್/2 ತಂದು, ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟಿನ ಮೂಲಕ ಮತ್ತೆ ಕೀಲಿ ಹಾಕಲು ನೋಡಿತು. ಮರು ವರ್ಷ ಒಂಬತ್ತು ಕಂಪನಿಗಳು ಒಟ್ಟುಗೂಡಿ ಬೇರೆ ಸ್ಲಾಟಿನ ಮಾನಕ ಪ್ರಕಟಿಸಿದವು. ಹಕ್ಕಿ ಹಾರಿಹೋಗಿತ್ತು.

ಹಾಗಾದರೆ ಗಿರಾಕಿ ಬಿಡುಗಡೆಯಾದನೇ? ಹಾರ್ಡ್‌ವೇರಿನಿಂದ ಆದ. ಕೀಲಿ ಮಾತ್ರ ಒಂದು ಮಹಡಿ ಮೇಲೆ ಹತ್ತಿ ಕೂತಿತು. ಯಾವ ಕಂಪನಿಯ ಡಬ್ಬಿಯಾದರೂ ಒಳಗೆ ಮೈಕ್ರೋಸಾಫ್ಟ್. ತಂತ್ರಾಂಶಗಳೆಲ್ಲ ಅದಕ್ಕೇ ಬರೆದದ್ದು, ಆದ್ದರಿಂದ ಜನ ಅದನ್ನೇ ಕೊಳ್ಳುತ್ತಾರೆ. ಜನ ಅದನ್ನೇ ಕೊಳ್ಳುವುದರಿಂದ ತಂತ್ರಾಂಶ ಅದಕ್ಕೇ ಬರೆಯುತ್ತಾರೆ. ಗಾಣದ ಎತ್ತಿನಂತೆ ಸುತ್ತುವ ಈ ವಾದ ಸಾಲದೆಂದು, ಕಂಪ್ಯೂಟರ್ ತಯಾರಕರು ಮೈಕ್ರೋಸಾಫ್ಟ್‌ನ ಆಪರೇಟಿಂಗ್ ಸಿಸ್ಟಮ್ ಡಾಸ್ ಹಾಕಲಿ ಬಿಡಲಿ ಮಾರಿದ ಪ್ರತಿ ಯಂತ್ರದ ಲೆಕ್ಕದಲ್ಲಿ ಹಣ ಕಟ್ಟಬೇಕೆಂಬ ಕರಾರೂ ಇತ್ತು. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಎರಡೆರಡು ಸಲ ದುಡ್ಡು. ಅಮೆರಿಕದ ನ್ಯಾಯ ಇಲಾಖೆ ಬೆನ್ನು ಹತ್ತಿದ ಮೇಲೆ 1994ರಲ್ಲಿ ಮೈಕ್ರೋಸಾಫ್ಟ್ ಈ ಕರಾರು ಬಿಡಲು ಒಪ್ಪಿತು. ಅಷ್ಟರಲ್ಲಿ ಗೋಡೆ ಎದ್ದಾಗಿತ್ತು.

ಇನ್ನೊಂದು ಬೀದಿಯಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನವರ ಜಾತ್ರೆ. ಸನ್, ಎಚ್‌ಪಿ, ಐಬಿಎಂ, ಡಿಇಸಿ ಎಲ್ಲರ ಬಾಯಲ್ಲೂ ಮುಕ್ತ ವ್ಯವಸ್ಥೆಯ ಮಂತ್ರ, ಎಲ್ಲರ ಕೈಯಲ್ಲೂ ತಂತಮ್ಮ ಚಿಪ್ಪು, ತಂತಮ್ಮ ಬಗೆಯ ಯುನಿಕ್ಸ್. 1988ರಲ್ಲಿ ಎಟಿ ಆ್ಯಂಡ್ ಟಿ, ಸನ್ ಒಂದು ಕಡೆ, ಉಳಿದವರು ಇನ್ನೊಂದು ಕಡೆ ಬಣ ಕಟ್ಟಿಕೊಂಡು, ಯಾರ ಮುಕ್ತತೆ ಹೆಚ್ಚು ಮುಕ್ತ ಎಂದು ಬಡಿದಾಡಿದರು. ಆ ಜಗಳದ ಬಾಲದಲ್ಲಿ ಬಂದ ಒಂದು ಪ್ರಕರಣವನ್ನು ನಾನು ಕಾರ್ಖಾನೆ ಮಾಲಕರಿಗೆ ಆಗಾಗ ಹೇಳುತ್ತೇನೆ. ಎಚ್‌ಪಿ ಮತ್ತು ಇಂಟೆಲ್ ಸೇರಿ ಇಟಾನಿಯಂ ಎಂಬ ಪ್ರೊಸೆಸರ್ ಮಾಡಿದವು. ಎಚ್‌ಪಿಯ ಯುನಿಕ್ಸ್ ನಡೆಯುತ್ತಿದ್ದದ್ದು ಅದರ ಮೇಲೆ. ಬ್ಯಾಂಕುಗಳು, ಟೆಲಿಫೋನ್ ಕಂಪನಿಗಳು ಆ ಯಂತ್ರ ಕೊಂಡು ಮೇಲೆ ಒರಾಕಲ್ ಡೇಟಾಬೇಸ್ ಹಾಕಿಕೊಂಡಿದ್ದವು. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡುಕೊಂಡು ತಾನೇ ಹಾರ್ಡ್‌ವೇರ್ ವ್ಯಾಪಾರಕ್ಕೆ ಇಳಿಯಿತು. 2011ರ ಮಾರ್ಚ್‌ನಲ್ಲಿ, ಇನ್ನು ಮುಂದೆ ಇಟಾನಿಯಂಗೆ ನಮ್ಮ ಹೊಸ ತಂತ್ರಾಂಶ ಇಲ್ಲ ಎಂದುಬಿಟ್ಟಿತು. ಎಚ್‌ಪಿ ಕೋರ್ಟಿಗೆ ಹೋಯಿತು, 2012ರಲ್ಲಿ ಗೆದ್ದಿತು, 2016ರಲ್ಲಿ ಜ್ಯೂರಿ 300 ಕೋಟಿ ಡಾಲರ್ ಪರಿಹಾರ ವಿಧಿಸಿತು. ಪರಿಹಾರ ಎಚ್‌ಪಿ ಕಡೆಗೆ. ಡೇಟಾಬೇಸ್ ಒಬ್ಬರದು, ಡಬ್ಬಿ ಇನ್ನೊಬ್ಬರದು ಎಂದು ಎರಡರ ನಡುವೆ ಸಿಕ್ಕಿಬಿದ್ದ ಗಿರಾಕಿಗೆ ಏನೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಇಟಾನಿಯಂ ಮಾರಾಟ 2021ರಲ್ಲಿ ನಿಂತಿತು.

ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಬಂದು ಈ ಜಾತ್ರೆಯ ಅಂಗಡಿಗಳನ್ನು ಎತ್ತಿಸಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಅದರ ಮೂಲಸಂಕೇತವನ್ನು ಯಾರೂ ಓದಬಹುದು, ತಿದ್ದಬಹುದು. ಆದರೆ ಲಿನಕ್ಸ್ ಹಾಕಿದೊಡನೆ ಕೀಲಿ ಮಾಯ ಎಂದು ನಂಬಿದವರನ್ನು ನೋಡಿದರೆ ನನಗೆ ಸ್ವಲ್ಪ ಕನಿಕರ. ಕೃತಕ ಬುದ್ಧಿಮತ್ತೆಯವರನ್ನು ಕೇಳಿ. ಅವರ ಯಂತ್ರಗಳಲ್ಲಿ ಲಿನಕ್ಸೇ ಇದೆ, ಆದರೆ ಪ್ರೋಗ್ರಾಂಗಳು ಚಿಪ್ಪು ಕಂಪನಿ ಎನ್‌ವಿಡಿಯಾದ ಕುಡಾ ಎಂಬ ತಂತ್ರಾಂಶದ ಮೇಲೆ ನಿಂತಿವೆ. 2007ರಿಂದ ಬೆಳೆದ ಆ ಕುಡಾ ಎನ್‌ವಿಡಿಯಾ ಚಿಪ್ಪಿಗೆ ಮಾತ್ರ ಬಗ್ಗುತ್ತದೆ. ಬೇರೆ ಕಂಪನಿಯ ಚಿಪ್ಪು ಅಗ್ಗಕ್ಕೆ ಸಿಕ್ಕರೂ ವರ್ಷಗಟ್ಟಲೆ ಬರೆದದ್ದನ್ನು ಮತ್ತೆ ಒಗ್ಗಿಸಬೇಕು. ಕೀಲಿ ಕೆಳಗಿಳಿದು ಮತ್ತೆ ಹಾರ್ಡ್‌ವೇರಿಗೆ ಬಂದು ಕೂತಿದೆ.

ಯಾವ ಕಂಪನಿಯ ದುರಾಸೆಯೂ ಇಲ್ಲದೆ ಕೀಲಿ ಬೀಳುವುದುಂಟು. ನಮ್ಮ ಊರಿನ ಒಂದು ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹಿಂದಿನ ಲಗ್ನಪತ್ರಿಕೆ, ಮಠದ ಜಾತ್ರೆಯ ಕರಪತ್ರ, ಸಹಕಾರಿ ಸಂಘದ ವರದಿಗಳ ಸಿಡಿಗಳು ಗೋಣಿಚೀಲದಲ್ಲಿವೆ. ಒಂದನ್ನು ಹಾಕಿ ತೆರೆದರೆ ಕನ್ನಡ ಇಲ್ಲ. ತಲೆಯ ಮೇಲೆ ಕೊಂಬು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಹಿಂಡು. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ. ಬೇರೆ ದಾರಿಯೂ ಇರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಕ್ರಮ ಕೊಡುವ ಯುನಿಕೋಡ್ ಮಾನಕದ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತಾದರೂ ವಿಂಡೋಸ್ ಅದನ್ನು ಬರೆದು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿ ಕಾಲಕ್ಕೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಬಂದ ಮೇಲೆ ಒಂದಿಷ್ಟು ಏಕರೂಪ ಬಂತು, ಈಗ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಅಕ್ಷರಗಳ ಕ್ರಮ ಬಹಿರಂಗವಾಗಿದ್ದ ಫಾಂಟುಗಳ ಬರಹವೆಲ್ಲ ಬದುಕಿತು. ಅಂಗಡಿಯಾತ ಅಂದು ಬಳಸಿದ ಒಂದು ಪ್ಯಾಕೇಜಿನ ಕ್ರಮ ಮಾತ್ರ ಯಾರಿಗೂ ತಿಳಿಯದು, ಅದರ ಡಾಂಗಲ್ ಕಳೆದುಹೋಗಿದೆ. ಆ ಸಿಡಿಗಳು ಈಗ ಬಾಳೆಗಿಡಕ್ಕೆ ಹಕ್ಕಿ ಬೆದರಿಸಲು ಲಾಯಕ್ಕು.

ಮಾರುವವರ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಕೀಲುಗಳೂ ಒಂದೇ ಕೈಯಲ್ಲಿದ್ದರೆ ಕೆಲಸ ಹಗುರ. ಆ್ಯಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳ ಪ್ರೊಸೆಸರನ್ನು 1994ರಲ್ಲಿ, 2006ರಲ್ಲಿ, ಮತ್ತೆ 2020ರಲ್ಲಿ ಬುಡಸಮೇತ ಬದಲಿಸಿತು. ಗಿರಾಕಿಗಳಲ್ಲಿ ಬಹುಪಾಲು ಜನ ಹೆಚ್ಚು ಗೋಳಿಲ್ಲದೆ ದಾಟಿದರು, ಏಕೆಂದರೆ ಯಂತ್ರ, ಆಪರೇಟಿಂಗ್ ಸಿಸ್ಟಮ್ ಎರಡೂ ಅದರದೇ. ಹತ್ತು ಕಂಪನಿಗಳ ಬಿಡಿಭಾಗ ಜೋಡಿಸಿದ ಯಂತ್ರ ಕೆಟ್ಟರೆ ಹತ್ತೂ ಮಂದಿ ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ; ಅದರ ಪಾಡನ್ನು ನಾನು ವಾರಕ್ಕೊಮ್ಮೆ ಉಣ್ಣುತ್ತೇನೆ. ಆದ್ದರಿಂದ ಕಟ್ಟಿಹಾಕಿಸಿಕೊಳ್ಳುವುದೇ ತಪ್ಪೆಂದು ನನಗನಿಸುವುದಿಲ್ಲ. ಹಗ್ಗದ ಉದ್ದ ಗೊತ್ತಿಲ್ಲದೆ ಕಟ್ಟಿಹಾಕಿಸಿಕೊಳ್ಳುವುದು ದಡ್ಡತನ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಾಗ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೋ ಹೊಸ ಪ್ರೊಸೆಸರೋ ಇಲ್ಲವೆಂಬ ಒಂದೇ ಕಾರಣಕ್ಕೆ ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳು ಮೂಲೆ ಸೇರಿದವು. ಹಗ್ಗದ ಉದ್ದ ಅಂದರೆ ಅದು.

ಕೆಲವೊಮ್ಮೆ ಕೀಲಿ ಒಡೆಯಲು ಸರ್ಕಾರವೇ ಬರಬೇಕಾಗುತ್ತದೆ. 2011ರ ಜನವರಿಗೆ ಮುಂಚೆ ಮೊಬೈಲ್ ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ನಂಬರು ಊರಿಗೆಲ್ಲ ಗೊತ್ತಿರುವ ವ್ಯಾಪಾರಿ ಸಿಗ್ನಲ್ ಬರದಿದ್ದರೂ ಬಿಡುತ್ತಿರಲಿಲ್ಲ. ನಂಬರು ಗಿರಾಕಿಯದು ಎಂದು ನಿಯಮ ಬಂದದ್ದೇ ತಡ, ಕಂಪನಿಗಳ ಫೋನಿನ ದನಿಯೇ ಮೆತ್ತಗಾಯಿತು. ಯುರೋಪಿನವರು 2024ರ ಕೊನೆಯೊಳಗೆ ಎಲ್ಲ ಹೊಸ ಫೋನಿಗೂ ಒಂದೇ ಚಾರ್ಜಿಂಗ್ ಪೋರ್ಟ್ ಇರಬೇಕೆಂದು ಕಾನೂನು ಮಾಡಿದರು. 2012ರಿಂದ ತನ್ನದೇ ಲೈಟ್ನಿಂಗ್ ಪೋರ್ಟಿಗೆ ಅಂಟಿಕೊಂಡಿದ್ದ ಐಫೋನ್ 2023ರಲ್ಲೇ ಯುಎಸ್‌ಬಿ-ಸಿಗೆ ಬಂತು. ಫೌಂಡ್ರಿಯ ಲ್ಯಾಬಿಗೆ ಅಂಥ ಕಾನೂನು ಯಾರೂ ಮಾಡಿಲ್ಲ.

ಆ ದಿನ ಬೆಳಿಗ್ಗೆ ಕಾನೂನಿಗಿಂತ ಟಾರ್ಚು ಕೆಲಸಕ್ಕೆ ಬಂತು. ಮದರ್‌ಬೋರ್ಡಿನ ಮೇಲೆ ಬೆಳಕು ಬಿಟ್ಟು ನೋಡಿದರೆ ಪ್ರೊಸೆಸರ್ ಪಕ್ಕದ ಮೂರು ಕೆಪ್ಯಾಸಿಟರುಗಳ ತಲೆ ಉಬ್ಬಿ ಕಂದು ರಸ ಒಸರಿತ್ತು. ಖಡೇಬಜಾರಿನ ಹತ್ತಿರ ಟಿವಿ ರಿಪೇರಿ ಮಾಡುವ ಗೆಳೆಯನನ್ನು ಎಬ್ಬಿಸಿ, ಅದೇ ಅಳತೆಯ ಮೂರು ಕೆಪ್ಯಾಸಿಟರ್ ತಂದು, ಹಳೆಯವನ್ನು ಕಾಯಿಸಿ ಕಿತ್ತು ಹೊಸವನ್ನು ಬೆಸೆದೆ. ಸಾಮಾನಿನ ಖರ್ಚು ಎರಡು ಚಹಾದಷ್ಟು. ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಪರದೆಯ ಮೇಲೆ ಬಂದಾಗ ಕಾಕಾ ಏನೂ ಹೇಳಲಿಲ್ಲ, ಬಿಲ್ಲೆ ಉಜ್ಜಲು ಹೋದರು. ಮಧ್ಯಾಹ್ನ ಹಾರ್ಡ್‌ಡಿಸ್ಕಿನ ಎರಡು ತದ್ರೂಪು ಪ್ರತಿ ತೆಗೆದೆ. ಗುಜರಿಯವನಿಗೆ ಅದೇ ಕಾಲದ ಇನ್ನೆರಡು ಬೋರ್ಡು ಹುಡುಕಲು ಹೇಳಿದೆ. ಇಡೀ ಎಕ್ಸ್‌ಪಿಯನ್ನು ಹೊಸ ಕಂಪ್ಯೂಟರಿನೊಳಗೆ ಕಾಲ್ಪನಿಕ ಯಂತ್ರವಾಗಿ ಕೂರಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ; ಆ ಕಾರ್ಡ್ ಕಬ್ಬಿಣ ತಾಮ್ರದ ನಿಜವಾದ ಕಾರ್ಡ್, ಅದಕ್ಕೆ ನಿಜವಾದ ಸ್ಲಾಟ್ ಬೇಕು.

ಎರಡು ವರ್ಷದ ಮೇಲೆ ಮಾಲಕರು ಹೊಸ ಸ್ಪೆಕ್ಟ್ರೋಮೀಟರ್ ತೆಗೆದುಕೊಳ್ಳಲು ಹೊರಟರು. ಅದೇ ಕಂಪನಿಯ ಪ್ರತಿನಿಧಿ ಪುಣೆಯಿಂದ ಬಂದ, ಕಿಡಿಯ ಬಗ್ಗೆ, ಆರ್ಗಾನ್ ಉಳಿತಾಯದ ಬಗ್ಗೆ ಸೊಗಸಾಗಿ ಮಾತಾಡಿದ. ಮಾಲಕರು ನಾನು ಬರೆದುಕೊಟ್ಟ ಚೀಟಿ ತೆಗೆದರು. "ಯಂತ್ರದ ಮಾಹಿತಿಯನ್ನೆಲ್ಲ ನಾವು ಎಕ್ಸೆಲ್‌ನಂಥ ಸಾದಾ ಫೈಲಾಗಿ ಹೊರಗೆ ತೆಗೆಯಬಹುದೇ?" ತೆಗೆಯಬಹುದು ಸಾಹೇಬರೇ, ಅದಕ್ಕೆ ಬೇರೆ ಲೈಸೆನ್ಸ್ ಎಂದ. "ಕಾರ್ಡು, ಡಾಂಗಲ್ ಇಲ್ಲದೆ ಮಾಮೂಲಿ ನೆಟ್‌ವರ್ಕ್ ಕೇಬಲ್ ಮೇಲೆ ನಡೆಯುತ್ತದೆಯೇ?" ನಡೆಯುತ್ತದೆ. "ಹತ್ತು ವರ್ಷದ ಮೇಲೆ ಕಂಪ್ಯೂಟರ್ ಕೆಟ್ಟರೆ, ಆಗಿನ ವಿಂಡೋಸ್ ಮೇಲೆ ನಡೆಯುವ ತಂತ್ರಾಂಶವನ್ನು ಇದೇ ಯಂತ್ರಕ್ಕೆ ಕೊಡುತ್ತೇವೆ ಎಂದು ಆರ್ಡರಿನಲ್ಲೇ ಬರೆದುಕೊಡುತ್ತೀರಾ?"

ಪ್ರತಿನಿಧಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಹೆಡ್ ಆಫೀಸ್ ಕೇಳಿ ಹೇಳುತ್ತೇನೆ ಸಾಹೇಬರೇ ಎಂದ. ಹೇಳುವಾಗ ಅವನ ಕಣ್ಣು ಮಾಲಕರ ಮೇಲಿರಲಿಲ್ಲ, ಮೇಜಿನ ಮೂಲೆಯಲ್ಲಿದ್ದ ಇನ್ನೊಂದು ಕಂಪನಿಯ ಕ್ಯಾಟಲಾಗ್ ಮೇಲಿತ್ತು. ಅದನ್ನು ಬೆಳಿಗ್ಗೆ ತಂದು ಅಲ್ಲಿಟ್ಟವನು ನಾನೇ.